ಸಮುದ್ರಕ್ಕೆ ಹಾಕಿದ ಬಾಗಿಲು: ಬ್ರಿಸ್ಟಲ್‌ನ ಹಳೆಯ ಲಾಕ್ ಏಕೆ ಉಳಿಯಬೇಕು?



‘ಲಾಕ್’ ಅಂದ ಕೂಡಲೇ ನಿಮಗೆ ಬೀಗ ನೆನಪಾಗುತ್ತದೆ, ಅಲ್ವಾ? ಬಂದರಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಲಾಕ್ ಅಂದರೆ ಒಂದು ಕೋಣೆ. ಅದಕ್ಕೆ ಸೂರು ಇಲ್ಲ. ಎರಡು ಬದಿಗೆ ಎತ್ತರದ ಕಲ್ಲಿನ ಗೋಡೆ, ಎರಡು ತುದಿಗೆ ದೊಡ್ಡ ಬಾಗಿಲು, ಒಳಗೆ ತುಂಬ ನೀರು. ಹಡಗು ಒಂದು ಬಾಗಿಲಿನಿಂದ ಒಳಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ಅದು ಒಂದು ನೀರಿನ ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿರುತ್ತದೆ ಅಥವಾ ಇಳಿದಿರುತ್ತದೆ. ಹಡಗಿಗೆ ಮೆಟ್ಟಿಲು ಇದ್ದ ಹಾಗೆ ಅಂದುಕೊಳ್ಳಿ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಇಂಥದೊಂದು ಹಳೆಯ ಲಾಕ್ ಇದೆ. 1849ರಲ್ಲಿ ಮುಗಿದದ್ದು. ಈಗ ಅದರಲ್ಲಿ ಒಂದು ದೋಣಿಯೂ ಓಡಾಡುವುದಿಲ್ಲ. ಬಾಯಿ ಮುಚ್ಚಿದ್ದಾರೆ, ಕೆಸರು ತುಂಬಿದೆ. ಆದರೂ ಅದನ್ನು ಒಡೆದು ಹಾಕದೆ, ಕಾನೂನಿನ ರಕ್ಷಣೆ ಕೊಟ್ಟು ಉಳಿಸಿಕೊಂಡಿದ್ದಾರೆ. ಕೆಲಸಕ್ಕೆ ಬಾರದ ಲಾಕನ್ನು ಉಳಿಸುವುದು ಏಕೆ? ಈ ಲೇಖನ ಅದೇ ಪ್ರಶ್ನೆಯ ಬಗ್ಗೆ. ಉತ್ತರ ಸಿಗಬೇಕಾದರೆ ಮೊದಲು ಲಾಕ್ ಏಕೆ ಬೇಕಾಯಿತು, ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ತಿಳಿಯಬೇಕು.

ಭರತ ಮತ್ತು ಇಳಿತ

ಕಾಸರಗೋಡಿನ ಕಡೆಯ ಮಕ್ಕಳಿಗೆ ಇದು ಗೊತ್ತಿರುವ ವಿಷಯ. ಸಮುದ್ರದ ನೀರು ಸುಮಾರು ಆರು ಗಂಟೆ ಏರುತ್ತದೆ, ಮತ್ತೆ ಸುಮಾರು ಆರು ಗಂಟೆ ಇಳಿಯುತ್ತದೆ. ಏರುವುದು ಉಬ್ಬರ ಅಥವಾ ಭರತ, ಇಳಿಯುವುದು ಇಳಿತ. ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆ ಇದಕ್ಕೆ ಕಾರಣ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಎರಡೂ ಭೂಮಿಯೊಂದಿಗೆ ಒಂದೇ ಸಾಲಿಗೆ ಬರುವುದರಿಂದ ಭರತವೂ ಜೋರು, ಇಳಿತವೂ ಜೋರು.

ಮಂಗಳೂರು, ಕಾಸರಗೋಡಿನ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ಇರುವ ಅಂತರ ಸುಮಾರು ಒಂದೂವರೆ ಮೀಟರ್ ಅಷ್ಟೆ. ಮುಂಬಯಿಯಲ್ಲಿ ಅದು ಸುಮಾರು 5 ಮೀಟರಿನವರೆಗೂ ಹೋಗುತ್ತದೆ. ಬ್ರಿಸ್ಟಲ್‌ನ ಬಳಿ ಎಷ್ಟು ಗೊತ್ತಾ? ಸುಮಾರು 14 ಮೀಟರಿನವರೆಗೆ! ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಮಧ್ಯಾಹ್ನ ನಾಲ್ಕು ಅಂತಸ್ತಿನ ಮನೆಯ ಎತ್ತರದಷ್ಟು ನೀರು ಇಳಿದಿರುತ್ತದೆ. ಪ್ರಪಂಚದಲ್ಲೇ ಅತಿ ದೊಡ್ಡ ಉಬ್ಬರವಿಳಿತ ಇರುವ ಜಾಗಗಳಲ್ಲಿ ಇದೂ ಒಂದು. ಅಲ್ಲಿನ ಕೊಲ್ಲಿಯ ಆಕಾರ ಲಾಳಿಕೆಯ ಹಾಗೆ, ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಅಗಲದ ಬಾಯಿಯಿಂದ ನುಗ್ಗಿದ ನೀರಿಗೆ ಒಳಗೆ ಜಾಗ ಸಾಲದೆ ಅದು ಮೇಲಕ್ಕೆ ಏರುತ್ತದೆ.

ಬ್ರಿಸ್ಟಲ್ ಸಮುದ್ರದ ದಂಡೆಯಲ್ಲಿಲ್ಲ. ಏವನ್ ಎಂಬ ನದಿಯಲ್ಲಿ ಸುಮಾರು 11 ಕಿಲೋಮೀಟರ್ ಒಳಗಿದೆ. ಭರತದ ನೀರು ನದಿಯೊಳಗೂ ನುಗ್ಗಿ ಊರಿನವರೆಗೆ ಬರುತ್ತಿತ್ತು. ಹಡಗುಗಳು ಭರತದ ಜೊತೆ ತೇಲಿ ಒಳಗೆ ಬರುತ್ತಿದ್ದವು. ಸರಿ, ಬಂದವು. ಆರು ಗಂಟೆ ಕಳೆದ ಮೇಲೆ? ನೀರೆಲ್ಲ ಇಳಿದುಹೋಗಿ ಹಡಗು ಕೆಸರಿನ ಮೇಲೆ ಕೂತುಬಿಡುತ್ತಿತ್ತು. ಒಂದು ಬದಿಗೆ ವಾಲುತ್ತಿತ್ತು. ಒಳಗಿನ ಸಾಮಾನು ಉರುಳಿ ಬೀಳುತ್ತಿತ್ತು. ಗಟ್ಟಿಯಾಗಿ ಕಟ್ಟದ ಹಡಗಿನ ಹೊಟ್ಟೆಯೇ ಬಿರಿಯುತ್ತಿತ್ತು. ದಿನಕ್ಕೆ ಎರಡು ಸಲ ಇದೇ ಗೋಳು.

ಹದಿನೆಂಟನೇ ಶತಮಾನದಲ್ಲಿ ಬ್ರಿಸ್ಟಲ್ ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಸಕ್ಕರೆ, ತಂಬಾಕಿನ ವ್ಯಾಪಾರದಿಂದ ಮಾತ್ರವಲ್ಲ, ಆಫ್ರಿಕಾದ ಮನುಷ್ಯರನ್ನು ಹಿಡಿದು ಗುಲಾಮರಾಗಿ ಮಾರಿದ ವ್ಯಾಪಾರದಿಂದಲೂ ಆ ಊರಿಗೆ ಹಣ ಬಂದಿತ್ತು. ಬಂದರಿನ ಇತಿಹಾಸ ಓದುವಾಗ ಇದನ್ನೂ ಮರೆಯಬಾರದು. ಅಷ್ಟರಲ್ಲಿ ಲಿವರ್‌ಪೂಲ್ ಮುಂತಾದ ಬಂದರುಗಳು ಒಳ್ಳೆಯ ಡಾಕ್‌ಗಳನ್ನು ಕಟ್ಟಿ ಮುಂದೆ ಹೋದವು. ಬ್ರಿಸ್ಟಲ್ ಏನಾದರೂ ಮಾಡಲೇಬೇಕಾಯಿತು.

ನದಿಯನ್ನೇ ಬೇರೆ ಕಡೆ ತಿರುಗಿಸಿದರು

ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ಒಂದು ಧೈರ್ಯದ ಯೋಜನೆ ಕೊಟ್ಟರು. ಊರಿನ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿ, ಏವನ್ ನದಿಯನ್ನೂ ಅದರ ಭರತ ಇಳಿತವನ್ನೂ ಆ ಕಡೆ ಬಿಡುವುದು. ಹಳೆಯ ನದಿಪಾತ್ರಕ್ಕೆ ಎರಡೂ ಕಡೆ ಒಡ್ಡು ಕಟ್ಟಿ ನೀರನ್ನು ಒಳಗೇ ಹಿಡಿದಿಡುವುದು. ನಮ್ಮ ಕೆರೆಯ ಹಾಗೇ ಅನ್ನಿ! ಹೆಚ್ಚಾದ ನೀರು ಹರಿದುಹೋಗಲು ಕೆರೆಗೆ ಕೋಡಿ ಇರುವಂತೆ ಅಲ್ಲಿಯೂ ಒಡ್ಡಿನ ಮೇಲೆ ನೀರು ಹೊರಳಿ ಹೋಗುವ ವ್ಯವಸ್ಥೆ ಇತ್ತು. ನೀರು ಕಡಿಮೆಯಾಗದಂತೆ ಮೇಲ್ಭಾಗದಿಂದ ಒಂದು ಕಾಲುವೆಯಲ್ಲಿ ನದಿಯ ನೀರು ಬರುತ್ತಿತ್ತು.

1804ರಲ್ಲಿ ಕೆಲಸ ಶುರುವಾಯಿತು, 1809ರ ಮೇ 1ರಂದು ಬಂದರು ತೆರೆಯಿತು. ಇದಕ್ಕೆ ‘ತೇಲುವ ಬಂದರು’ ಎಂದು ಹೆಸರು. ತೇಲುವುದು ಬಂದರಲ್ಲ, ಅದರೊಳಗಿನ ಹಡಗುಗಳು. ಇಳಿತವಿದ್ದಾಗಲೂ ಅವು ತೇಲುತ್ತಲೇ ಇರುತ್ತಿದ್ದವು.

ಕೆರೆಯಂತೆ ಮುಚ್ಚಿದ ನೀರಿಗೆ ಹಡಗು ಹೊರಗಿನಿಂದ ಬರುವುದು ಹೇಗೆ? ಅದಕ್ಕೇ ಪಶ್ಚಿಮದ ತುದಿಯಲ್ಲಿ ಕಂಬರ್ಲೆಂಡ್ ಬೇಸಿನ್ ಎಂಬ ಒಂದು ಕೊಳ, ಆ ಕೊಳಕ್ಕೂ ನದಿಗೂ ನಡುವೆ ಎರಡು ಪ್ರವೇಶ ಲಾಕ್‌ಗಳು, ಕೊಳಕ್ಕೂ ಒಳಗಿನ ಬಂದರಿಗೂ ನಡುವೆ ಇನ್ನೊಂದು ಲಾಕ್. ಪ್ರವೇಶ ಲಾಕ್‌ಗಳಲ್ಲಿ ಒಂದು ಉತ್ತರದ್ದು, ಒಂದು ದಕ್ಷಿಣದ್ದು. ನಮ್ಮ ಕಥೆಯ ನಾಯಕ ದಕ್ಷಿಣದ ಲಾಕ್.

ಲಾಕ್ ಕೆಲಸ ಮಾಡುವುದು ಹೀಗೆ

ಒಳಗಿನ ನೀರು ಮೇಲೆ ಇದೆ, ಹೊರಗಿನ ನದಿ ಕೆಳಗೆ ಇದೆ, ಹಡಗು ಹೊರಗೆ ಹೋಗಬೇಕು ಅಂದುಕೊಳ್ಳಿ.

1. ಹೊರಬಾಗಿಲು ಮುಚ್ಚಿದೆ. ಲಾಕಿನ ಕೋಣೆಯಲ್ಲಿ ಒಳಗಿನ ಮಟ್ಟಕ್ಕೆ ನೀರು ತುಂಬಿದೆ. ಒಳಬಾಗಿಲು ತೆರೆದು ಹಡಗು ಕೋಣೆಗೆ ಬರುತ್ತದೆ.
2. ಒಳಬಾಗಿಲು ಮುಚ್ಚುತ್ತಾರೆ. ಈಗ ಹಡಗು ಎರಡು ಬಾಗಿಲುಗಳ ನಡುವೆ.
3. ಹೊರಗಡೆಯ ತೂಬು ಎತ್ತುತ್ತಾರೆ. ಕೆರೆಯ ತೂಬಿನ ಹಾಗೇ. ಕೋಣೆಯ ನೀರು ನದಿಗೆ ಹೋಗುತ್ತದೆ, ನೀರಿನ ಜೊತೆ ಹಡಗೂ ಇಳಿಯುತ್ತದೆ.
4. ಕೋಣೆಯ ನೀರು, ನದಿಯ ನೀರು ಸಮವಾದಾಗ ಹೊರಬಾಗಿಲು ತೆರೆಯುತ್ತಾರೆ. ಹಡಗು ನದಿಗೆ.

ಇಲ್ಲಿ ಪಂಪು ಇಲ್ಲ, ಎತ್ತುವ ಯಂತ್ರ ಇಲ್ಲ. ಸಾವಿರಾರು ಟನ್ ತೂಕದ ಹಡಗನ್ನು ಇಳಿಸಿದ್ದು ಬರೀ ಗುರುತ್ವ. ಈ ಎರಡು ಬಾಗಿಲಿನ ಉಪಾಯ ಹೊಸದಲ್ಲ. ಚೀನಾದಲ್ಲಿ ಚಿಯಾವೊ ವೇಯೂ ಎಂಬ ಅಧಿಕಾರಿ ಕ್ರಿ.ಶ. 984ರಲ್ಲೇ ಕಾಲುವೆಯಲ್ಲಿ ಇಂಥ ಲಾಕ್ ಕಟ್ಟಿಸಿದ್ದರು.

ಕಾಲುವೆಯ ಲಾಕಿಗೂ ಸಮುದ್ರದ ಡಾಕಿನ ಲಾಕಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಕಾಲುವೆಯಲ್ಲಿ ಯಾವ ಕಡೆ ನೀರು ಎತ್ತರ ಎನ್ನುವುದು ಯಾವಾಗಲೂ ಒಂದೇ. ಡಾಕಿನಲ್ಲಿ ಹಾಗಲ್ಲ. ಹೊರಗಿನ ನೀರು ಗಂಟೆ ಗಂಟೆಗೆ ಬದಲಾಗುತ್ತದೆ. ಜೋರು ಭರತದ ದಿನ ಹೊರಗಿನ ನೀರು ಒಳಗಿನದಕ್ಕಿಂತ ಮೇಲೆ ಏರಿಬಿಡಬಹುದು. ಆಗ ಒಳಗೆ ಪ್ರವಾಹ ಬರದಂತೆ ತಡೆಯಲು ಬೇರೆ ಬಾಗಿಲು ಮುಚ್ಚಬೇಕಾಗುತ್ತದೆ.

ಬಾಗಿಲಿನ ಮೇಲೆ ಎಷ್ಟು ಭಾರ?

ದ್ರವದ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುತ್ತದೆ ಎಂದು ಓದಿದ್ದೀರಿ. ಒತ್ತಡ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಆಳ. ಒಂದು ಲೆಕ್ಕ ಮಾಡೋಣ. ಉದಾಹರಣೆಗೆ ಬಾಗಿಲಿನ ಅಗಲ 16 ಮೀಟರ್, ನೀರಿನ ಆಳ 8 ಮೀಟರ್ ಇರಲಿ. ಹೊರಗೆ ನೀರೇ ಇಲ್ಲ, ಪೂರಾ ಇಳಿತ.

ಮೇಲ್ಮೈಯಲ್ಲಿ ಒತ್ತಡ ಸೊನ್ನೆ. ತಳದಲ್ಲಿ 1000 × 9.8 × 8 = 78,400 ಪಾಸ್ಕಲ್. ಸರಾಸರಿ ಅದರ ಅರ್ಧ, 39,200 ಪಾಸ್ಕಲ್. ಬಾಗಿಲಿನ ವಿಸ್ತೀರ್ಣ 16 × 8 = 128 ಚದರ ಮೀಟರ್. ಒಟ್ಟು ಬಲ 39,200 × 128, ಅಂದರೆ ಸುಮಾರು 50 ಲಕ್ಷ ನ್ಯೂಟನ್. ಇದು 500 ಟನ್ನಿಗೂ ಸ್ವಲ್ಪ ಹೆಚ್ಚಿನ ಭಾರಕ್ಕೆ ಸಮ. ನಾಲ್ಕು ಟನ್ನಿನ ನೂರಿಪ್ಪತ್ತೈದು ಆನೆಗಳು ಸೇರಿ ಒಂದು ಬಾಗಿಲನ್ನು ತಳ್ಳಿದ ಹಾಗೆ! ಆಳ ಎರಡರಷ್ಟಾದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಏಕೆ ಅಂತ ನೀವೇ ಯೋಚಿಸಿ.

ಇನ್ನೊಂದು ವಿಷಯ. ಎರಡೂ ಕಡೆಯ ನೀರು ಸಮವಾಗಲು ಬರೀ 10 ಸೆಂಟಿಮೀಟರ್ ಬಾಕಿ ಇದೆ ಅಂದುಕೊಳ್ಳಿ. ಇಷ್ಟು ತಾನೇ, ಬಾಗಿಲು ತೆಗೆಯೋಣ ಅಂದರೆ ಆಗುವುದಿಲ್ಲ. ಆ 10 ಸೆಂಟಿಮೀಟರಿನ ವ್ಯತ್ಯಾಸವೇ ಬಾಗಿಲಿನ ಮೇಲೆ ಸುಮಾರು 13 ಟನ್ ಭಾರ ಹಾಕುತ್ತದೆ. ಅದಕ್ಕೇ ಲಾಕಿನವರು ನೀರು ಪೂರ್ತಿ ಸಮವಾಗುವ ತನಕ ತಾಳ್ಮೆಯಿಂದ ಕಾಯುತ್ತಾರೆ.

ಹೆಚ್ಚಿನ ಲಾಕ್‌ಗಳಲ್ಲಿ ಜೋಡಿ ಬಾಗಿಲು. ಮುಚ್ಚಿದಾಗ ಎರಡೂ ಸೇರಿ ನೀರು ಎತ್ತರವಿರುವ ಕಡೆಗೆ ಮೊನೆ ಮಾಡಿ ಕೋನದ ಆಕಾರದಲ್ಲಿ ನಿಲ್ಲುತ್ತವೆ. ನೀರು ತಳ್ಳಿದಷ್ಟೂ ಎರಡು ಬಾಗಿಲು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ, ಭಾರ ಬದಿಯ ಗೋಡೆಗಳಿಗೆ ಹೋಗುತ್ತದೆ. ಕಮಾನು ಕಟ್ಟಡದ ಭಾರವನ್ನು ಹೊರುವ ರೀತಿಯೇ ಇದು, ಮಲಗಿಸಿದ ಕಮಾನು ಅಷ್ಟೆ.

ಸಿಕ್ಕಿಹಾಕಿಕೊಂಡ ಹಡಗು

ಲಾಕಿಗೆ ಒಂದು ದೌರ್ಬಲ್ಯ ಇದೆ. ಅದನ್ನು ಕಲ್ಲಿನಲ್ಲಿ ಕಟ್ಟುತ್ತಾರೆ. ಕಟ್ಟಿದ ದಿನವೇ ಅದರ ಅಗಲ ನಿಗದಿಯಾಗಿಬಿಡುತ್ತದೆ. ಹಡಗುಗಳು ಮಾತ್ರ ಬೆಳೆಯುತ್ತಲೇ ಹೋಗುತ್ತವೆ.

ಬ್ರಿಸ್ಟಲ್‌ನಲ್ಲಿ ಇದು ಬಹಳ ಬೇಗ ಗೊತ್ತಾಯಿತು. ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ಎಂಬ ಪ್ರಸಿದ್ಧ ಎಂಜಿನಿಯರ್ ಅದೇ ಬಂದರಿನ ಒಳಗೆ ಎಸ್.ಎಸ್. ಗ್ರೇಟ್ ಬ್ರಿಟನ್ ಎಂಬ ಹಡಗನ್ನು ವಿನ್ಯಾಸ ಮಾಡಿ ಕಟ್ಟಿಸಿದರು. ಕಬ್ಬಿಣದ ಒಡಲು, ಉಗಿಯಂತ್ರ, ಹಿಂದೆ ತಿರುಗುವ ಪ್ರೊಪೆಲ್ಲರ್. ಉದ್ದ ಸುಮಾರು 98 ಮೀಟರ್, ಅಗಲ 15 ಮೀಟರಿಗೂ ಹೆಚ್ಚು. 1843ರ ಜುಲೈ 19ರಂದು ಅದು ನೀರಿಗಿಳಿದಾಗ ಪ್ರಪಂಚದಲ್ಲೇ ಅತಿ ದೊಡ್ಡ ಹಡಗು ಅದಾಗಿತ್ತು.

ಹಡಗು ಸಿದ್ಧ, ಹೊರಗೆ ಹೋಗುವುದು ಹೇಗೆ? ಜೆಸಪ್ ಅವರ ಲಾಕ್‌ಗಳು ಅದಕ್ಕೆ ಕಿರಿದು. ತಿಂಗಳುಗಟ್ಟಲೆ ಅದು ಒಳಗೇ ಉಳಿಯಿತು. 1844ರ ಡಿಸೆಂಬರ್‌ನಲ್ಲಿ ಹೊರಗೆ ಎಳೆಯುವಾಗ ಲಾಕಿನಲ್ಲಿ ಸಿಕ್ಕಿಹಾಕಿಕೊಂಡಿತು. ನೀರು ಇಳಿಯುವ ಮೊದಲು ಅದನ್ನು ಹಿಂದಕ್ಕೆ ಎಳೆದರು. ಇಲ್ಲದಿದ್ದರೆ ಲಾಕಿನ ಗೋಡೆಗಳ ನಡುವೆ ಒಡಲು ಜಜ್ಜಿ ಹೋಗುತ್ತಿತ್ತು. ಲಾಕಿನ ಗೋಡೆಯ ಮೇಲ್ಗಲ್ಲುಗಳನ್ನು ತರಾತುರಿಯಲ್ಲಿ ಕಿತ್ತು, ಮುಂದಿನ ಭರತದಲ್ಲಿ ಹೇಗೋ ಹೊರಗೆ ತಂದರು.

ದಕ್ಷಿಣದ ಲಾಕನ್ನು ದೊಡ್ಡದಾಗಿ ಮತ್ತೆ ಕಟ್ಟುವ ಕೆಲಸ ಅದೇ ಬ್ರುನೆಲ್ ಅವರಿಗೆ ಬಂತು. 1849ರಲ್ಲಿ ಮುಗಿಯಿತು. ಆ ಹೊತ್ತಿಗೆ ಗ್ರೇಟ್ ಬ್ರಿಟನ್ ಲಿವರ್‌ಪೂಲಿಗೆ ಹೋಗಿಯಾಗಿತ್ತು.

ಬ್ರುನೆಲ್ ಮಾಡಿದ ಎರಡು ಹೊಸ ಕೆಲಸ

ಮೊದಲನೆಯದು ಬಾಗಿಲು. ಬ್ರುನೆಲ್ ಜೋಡಿ ಬಾಗಿಲಿನ ಬದಲು ಒಂಟಿ ಬಾಗಿಲು ಹಾಕಿದರು. ಮೆದುಕಬ್ಬಿಣದ ತಗಡುಗಳಿಂದ ಮಾಡಿದ, ಒಳಗೆ ಟೊಳ್ಳಾದ ಬಾಗಿಲು. ತೆರೆದಾಗ ಅದು ಬದಿಯ ಗೋಡೆಯಲ್ಲಿರುವ ಗೂಡಿನೊಳಗೆ ಸರಿದು ನಿಲ್ಲುತ್ತಿತ್ತು.

ಟೊಳ್ಳು ಏಕೆ? ಆರ್ಕಿಮಿಡೀಸ್ ತತ್ತ್ವ ನೆನಪಿಸಿಕೊಳ್ಳಿ. ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. ಒಂದು ಘನಮೀಟರ್ ನೀರು ಸರಿದರೆ ಒಂದು ಟನ್ ಭಾರ ಇಳಿದ ಹಾಗೆ. ಟೊಳ್ಳು ಬಾಗಿಲು ಬಹಳ ನೀರನ್ನು ಸರಿಸುವುದರಿಂದ ಅರ್ಧ ತೇಲುತ್ತದೆ. ಕೀಲಿನ ಮೇಲೆ ಭಾರ ಕಡಿಮೆ, ತಿರುಗಿಸುವುದು ಸುಲಭ. ಬಾವಿಯಲ್ಲಿ ನೀರೊಳಗೆ ಕೊಡ ಹಗುರ, ನೀರು ಬಿಟ್ಟು ಮೇಲೆ ಬಂದ ಕೂಡಲೇ ಭಾರ ಅಂತ ಹಗ್ಗ ಎಳೆದವರಿಗೆ ಗೊತ್ತು.

ಎರಡನೆಯದು ಲಾಕಿನ ಮೇಲಿನ ಸೇತುವೆ. ಜನ, ಗಾಡಿ ದಾಟಬೇಕು, ಹಡಗು ಬಂದಾಗ ಸೇತುವೆ ಸರಿಯಬೇಕು. ಅದಕ್ಕೆ ಬ್ರುನೆಲ್ ಕಬ್ಬಿಣದ ತಿರುಗುವ ಸೇತುವೆ ಮಾಡಿದರು. ಅದರ ತೊಲೆಗಳ ಮೇಲಂಚು ಕೊಳವೆಯ ಆಕಾರದ್ದು. ತೊಲೆ ಬಾಗುವಾಗ ಒಂದು ಅಂಚು ಎಳೆತಕ್ಕೆ, ಇನ್ನೊಂದು ಒತ್ತಡಕ್ಕೆ ಸಿಗುತ್ತದೆ. ತೆಳು ತಗಡನ್ನು ಎಳೆದರೆ ತಡೆದುಕೊಳ್ಳುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಅದೇ ತಗಡನ್ನು ಕೊಳವೆ ಮಾಡಿದರೆ ಒತ್ತಡಕ್ಕೂ ಜಗ್ಗುವುದಿಲ್ಲ. ಈ ಸಣ್ಣ ಸೇತುವೆಯಲ್ಲಿ ಮಾಡಿ ನೋಡಿದ ಕೊಳವೆಯ ಉಪಾಯವನ್ನೇ ಬ್ರುನೆಲ್ ಮುಂದೆ 1852ರ ಚೆಪ್‌ಸ್ಟೋ ರೈಲ್ವೆ ಸೇತುವೆಯಲ್ಲಿ, 1859ರ ಸಾಲ್ಟಾಶ್ ಸೇತುವೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಸಾಲ್ಟಾಶ್ ಸೇತುವೆಯ ಮೇಲೆ ಇಂದಿಗೂ ರೈಲು ಓಡುತ್ತದೆ.

ಮತ್ತೆ ಸಾಲದೆ ಹೋಯಿತು

ಬ್ರುನೆಲ್ ಅವರ ಲಾಕ್ ಎಷ್ಟು ವರ್ಷಕ್ಕೆ ಸಾಕಾಯಿತು? ಇಪ್ಪತ್ತೈದು ವರ್ಷವೂ ಇಲ್ಲ. ಬಂದರಿನ ಎಂಜಿನಿಯರ್ ಥಾಮಸ್ ಹೋವರ್ಡ್ ಉತ್ತರದ ಲಾಕನ್ನು ಇನ್ನೂ ದೊಡ್ಡದಾಗಿ ಕಟ್ಟಿದರು. ಸುಮಾರು 350 ಅಡಿ ಉದ್ದ, 62 ಅಡಿ ಅಗಲ. 1873ರಲ್ಲಿ ಅದು ತೆರೆಯಿತು. ಇಷ್ಟು ದೊಡ್ಡ ಕೋಣೆಯಲ್ಲಿ ನೀರು ಒಂದು ಮೀಟರ್ ಇಳಿದರೆ ಸುಮಾರು 20 ಲಕ್ಷ ಲೀಟರ್ ಹೊರಗೆ ಹೋಗುತ್ತದೆ! ಬ್ರುನೆಲ್ ಸೇತುವೆಯನ್ನು ದಕ್ಷಿಣದ ಲಾಕಿನಿಂದ ಎತ್ತಿ ತಂದು, ಸ್ವಲ್ಪ ಗಿಡ್ಡ ಮಾಡಿ ಉತ್ತರದ ಲಾಕಿಗೆ ಹಾಕಿದರು. ದಕ್ಷಿಣದಲ್ಲಿ ಅದೇ ಮಾದರಿಯ ಇನ್ನೊಂದು ಸೇತುವೆ ಬಂತು. ಕ್ರಮೇಣ ದಕ್ಷಿಣದ ಲಾಕ್ ಬಳಕೆ ತಪ್ಪಿತು. ಕೊನೆಗೆ ಅದರ ಬಾಯಿ ಮುಚ್ಚಿದರು.

ಹೋವರ್ಡ್ ಲಾಕಿಗೂ ಅದೇ ಗತಿ. ಹಡಗುಗಳು ಇನ್ನೂ ಬೆಳೆದವು. 1877ರಲ್ಲೇ ನದಿಯ ಬಾಯಿಯಲ್ಲಿ ಏವನ್‌ಮೌತ್ ಡಾಕ್ ತೆರೆಯಿತು. ದೊಡ್ಡ ಹಡಗುಗಳು ಅಲ್ಲೇ ನಿಂತವು. 1975ರಲ್ಲಿ ಊರೊಳಗಿನ ಬಂದರು ವ್ಯಾಪಾರಕ್ಕೆ ಮುಚ್ಚಿತು. ಹೋವರ್ಡ್ ಲಾಕಿನಲ್ಲಿ ಇಂದು ಸಣ್ಣ ದೋಣಿಗಳು, ವಿಹಾರದ ಹಡಗುಗಳು ಓಡಾಡುತ್ತವೆ.

ನಮ್ಮ ಮುಂಬಯಿಯಲ್ಲೂ ಹೀಗೆ ಒಂದು ಡಾಕ್ ಸಾಲದೆ ಇನ್ನೊಂದು ಬಂತು. 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್. ಕೊನೆಯದಕ್ಕೆ ಈಗ ಇಂದಿರಾ ಡಾಕ್ ಎಂದು ಹೆಸರು. ಅದರ ಪ್ರವೇಶ ಲಾಕ್ 750 ಅಡಿ ಉದ್ದ, 100 ಅಡಿ ಅಗಲ.

ಹೂಳು, ತುಕ್ಕು, ಮತ್ತು ಉಳಿಸುವ ಕಷ್ಟ

ಹಳೆಯ ಲಾಕನ್ನು ಸುಮ್ಮನೆ ಬಿಟ್ಟರೆ ಅದು ಹಾಗೇ ಇರುವುದಿಲ್ಲ. ಮೊದಲ ಶತ್ರು ಹೂಳು. ಹರಿಯುವ ನೀರು ಮಣ್ಣಿನ ಕಣಗಳನ್ನು ಹೊತ್ತು ತರುತ್ತದೆ, ನಿಂತ ಕೂಡಲೇ ಅವನ್ನು ಕೆಳಗೆ ಬಿಡುತ್ತದೆ. ನಮ್ಮ ಕೆರೆಗಳು ತುಂಬಿಹೋಗುವುದೂ ಹೀಗೇ. ತೇಲುವ ಬಂದರಿಗೂ ಈ ಕಾಟ ಇತ್ತು. ಬ್ರುನೆಲ್ 1830ರ ದಶಕದಲ್ಲಿ ಇದಕ್ಕೆ ಒಂದು ಉಪಾಯ ಹೇಳಿದ್ದರು. ನೀರನ್ನು ಒಡ್ಡಿನ ಮೇಲಿನಿಂದ ಬಿಡುವ ಬದಲು ತಳದ ತೂಬಿನಿಂದ ಬಿಡಿ, ಇಳಿತದ ಹೊತ್ತಿನಲ್ಲಿ ರಭಸವಾಗಿ ಹೋಗುವ ನೀರು ಹೂಳನ್ನೂ ಎಳೆದುಕೊಂಡು ಹೋಗುತ್ತದೆ ಎಂದು. ಆ ತೂಬುಗಳಿರುವ ಜಾಗಕ್ಕೆ ಅಂಡರ್‌ಫಾಲ್ ಯಾರ್ಡ್ ಎಂದು ಹೆಸರು. ಕೈಬಿಟ್ಟ ಲಾಕಿಗೆ ಇಂಥ ಹರಿವು ಇಲ್ಲ, ಹಾಗಾಗಿ ಕೆಸರು ಕೂರುತ್ತಲೇ ಹೋಗುತ್ತದೆ.

ಎರಡನೆಯ ಶತ್ರು ತುಕ್ಕು. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಪೂರ್ತಿ ಕೆಸರಿನಲ್ಲಿ ಹೂತ ಕಬ್ಬಿಣಕ್ಕೆ ಗಾಳಿ ಸಿಗುವುದು ಕಡಿಮೆ. ಪೂರ್ತಿ ಒಣಗಿದ ಕಬ್ಬಿಣಕ್ಕೆ ನೀರು ಸಿಗದು. ಒಮ್ಮೆ ನೆನೆದು ಒಮ್ಮೆ ಒಣಗುವ ಭಾಗಕ್ಕೆ ಎರಡೂ ಸಿಗುತ್ತವೆ, ಉಪ್ಪು ಸೇರಿದರೆ ಇನ್ನೂ ಬೇಗ ಕೊರೆಯುತ್ತದೆ. ಭರತ ಇಳಿತದ ಜಾಗ ಅಂದರೆ ಇದೇ ತಾನೇ?

ಗ್ರೇಟ್ ಬ್ರಿಟನ್ ಹಡಗಿನ ಕಥೆಯನ್ನು ಇಲ್ಲಿ ಪೂರ್ತಿ ಮಾಡಬೇಕು. ಎಷ್ಟೋ ವರ್ಷ ಸಮುದ್ರ ಸುತ್ತಿ, ಕೊನೆಗೆ ದಕ್ಷಿಣ ಅಟ್ಲಾಂಟಿಕ್‌ನ ಫಾಕ್ಲೆಂಡ್ ದ್ವೀಪಗಳಲ್ಲಿ ಪಾಳುಬಿದ್ದಿದ್ದ ಅದನ್ನು 1970ರಲ್ಲಿ ತೇಲಿಸಿಕೊಂಡು ಬ್ರಿಸ್ಟಲ್‌ಗೆ ತಂದರು. ಈ ಸಲ ಸಿಕ್ಕಿಹಾಕಿಕೊಳ್ಳಲಿಲ್ಲ, ಹೋವರ್ಡ್ ಕಟ್ಟಿದ ದೊಡ್ಡ ಲಾಕ್ ಇತ್ತು! ತಾನು ಹುಟ್ಟಿದ ಒಣ ಡಾಕಿಗೇ ಅದು ಜುಲೈ 19ರಂದು, ನೀರಿಗಿಳಿದ ದಿನದ ತಾರೀಖಿಗೇ, ಮರಳಿ ಸೇರಿತು. ಈಗ ಅದರ ಕೆಳಭಾಗವನ್ನು ಗಾಜಿನ ಮುಚ್ಚಿಗೆಯೊಳಗೆ ಇಟ್ಟು, ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಸುಮಾರು 20 ಪ್ರತಿಶತಕ್ಕೆ ಇಳಿಸಿ ತುಕ್ಕನ್ನು ತಡೆದಿದ್ದಾರೆ. ಹಡಗನ್ನು ಗಾಜಿನೊಳಗೆ ಇಡಬಹುದು. ಲಾಕನ್ನು ಇಡುವುದಕ್ಕಾಗುವುದಿಲ್ಲ, ಅದು ಮಳೆಯಲ್ಲಿ, ನೀರಿನಲ್ಲಿ ಇರಲೇಬೇಕು.

ಬ್ರುನೆಲ್ ಸೇತುವೆಯ ಪಾಡು ಇನ್ನೂ ಕಷ್ಟ. 1965ರಲ್ಲಿ ಅಲ್ಲಿ ದೊಡ್ಡ ತಿರುಗು ರಸ್ತೆಸೇತುವೆ ಬಂದ ಮೇಲೆ ಹಳೆಯದು ಕೆಲಸ ಕಳೆದುಕೊಂಡಿತು. ಹೊಸ ಸೇತುವೆಯ ಕೆಳಗೇ, ಲಾಕಿನ ದಂಡೆಯಲ್ಲಿ ತುಕ್ಕು ಹಿಡಿಯುತ್ತ ಉಳಿಯಿತು. ಬ್ರಿಸ್ಟಲ್ ಅಂದರೆ ಎಲ್ಲರಿಗೂ ಹತ್ತಿರದ ಕ್ಲಿಫ್ಟನ್ ತೂಗುಸೇತುವೆ ಗೊತ್ತು. ಅದನ್ನು ನೋಡಲು ಬರುವವರು ಅದೇ ಬ್ರುನೆಲ್ ಮಾಡಿದ ಈ ಸೇತುವೆಯನ್ನು ತಿರುಗಿಯೂ ನೋಡುತ್ತಿರಲಿಲ್ಲ. ಇಂಗ್ಲೆಂಡಿನ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಅದು ಸೇರಿತು. ಆಮೇಲೆ ಊರಿನ ಸ್ವಯಂಸೇವಕರು ಇದನ್ನು ‘ಬ್ರುನೆಲ್‌ನ ಇನ್ನೊಂದು ಸೇತುವೆ’ ಎಂದು ಕರೆದು ಕೆಲಸಕ್ಕೆ ಇಳಿದರು. ತುಕ್ಕು ಕೆರೆದರು, ಬಣ್ಣ ಬಳಿದರು, ಜನರಿಗೆ ತೋರಿಸಿದರು, ಸೇತುವೆ ಮತ್ತೆ ತಿರುಗುವ ಹಾಗೆ ಮಾಡಿದರು.

ಹಾಗಾದರೆ ಏಕೆ ಉಳಿಸಬೇಕು?

ಹಳೆಯದು ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಉಳಿಸುವುದಕ್ಕಾಗದು. ಹಣ ಬೇಕು, ಜಾಗ ಬೇಕು. ಹೋವರ್ಡ್ ಕೂಡ ಜೆಸಪ್ ಕಟ್ಟಿದ್ದನ್ನು ಒಡೆದೇ ಕಟ್ಟಿದರು. ನನ್ನ ಪ್ರಕಾರ ಮುಖ್ಯ ಕಾರಣ ಬೇರೆ. ವಿಜ್ಞಾನದಲ್ಲಿ ಸಾಕ್ಷ್ಯ ಬೇಕು ಅಂತ ನಾವು ತರಗತಿಯಲ್ಲಿ ಹೇಳುತ್ತೇವಲ್ಲ, ಹಳೆಯ ಕಟ್ಟಡವೂ ಒಂದು ಸಾಕ್ಷ್ಯ. ನಕಾಶೆಯಲ್ಲಿ ಎಂಜಿನಿಯರ್ ಏನು ಅಂದುಕೊಂಡರು ಎಂಬುದಿರುತ್ತದೆ. ಕಲ್ಲು, ಕಬ್ಬಿಣದಲ್ಲಿ ನಿಜಕ್ಕೂ ಏನಾಯಿತು ಎಂಬುದಿರುತ್ತದೆ.

ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ಗುಜರಾತಿನ ಲೋಥಲ್ ಸಿಂಧೂ ನಾಗರಿಕತೆಯ ಊರು, ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಕನ್ನಡ ನಾಡಿನವರೇ ಆದ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅಲ್ಲಿ 1955ರಿಂದ ಉತ್ಖನನ ನಡೆಸಿದರು. ಸುಟ್ಟ ಇಟ್ಟಿಗೆಯ ಗೋಡೆಗಳಿರುವ, 200 ಮೀಟರಿಗೂ ಹೆಚ್ಚು ಉದ್ದ, ಸುಮಾರು 37 ಮೀಟರ್ ಅಗಲದ ಒಂದು ಕೊಳ ಸಿಕ್ಕಿತು. ಲೋಥಲ್ ಇರುವುದು ಖಂಭಾತ್ ಕೊಲ್ಲಿಯ ಕಡೆ, ಅಲ್ಲಿಯೂ ಬ್ರಿಸ್ಟಲ್‌ನ ಹಾಗೆ ಭಾರಿ ಉಬ್ಬರವಿಳಿತ. ಕೊಳದ ಒಂದು ಗೋಡೆಯಲ್ಲಿ ನೀರು ಹೊರಹೋಗುವ ದಾರಿ, ಅದರಲ್ಲಿ ಹಲಗೆ ಇಳಿಸುವ ಗಾಡಿಯಂಥ ಸಂದು ಇದ್ದವು. ಇದು ಹಡಗುಕಟ್ಟೆ, ಇಳಿತದ ಹೊತ್ತಿನಲ್ಲಿ ಹಲಗೆಯಿಂದ ನೀರು ತಡೆಯುತ್ತಿದ್ದರು ಎಂದು ರಾವ್ ಹೇಳಿದರು. ಅಲ್ಲ, ಇದು ನೀರು ಶೇಖರಿಸುವ ಕೆರೆ ಎಂದು ಬೇರೆ ವಿದ್ವಾಂಸರು ವಾದಿಸಿದರು. ಮುಂದೆ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕೊಳದ ಹೂಳನ್ನು ಪರೀಕ್ಷಿಸಿದಾಗ, ಉಪ್ಪುನೀರಿನಲ್ಲಿ ಬದುಕುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಸಿಕ್ಕಿತು. ಅಂದರೆ ಸಮುದ್ರದ ನೀರು ಒಳಗೆ ಬಂದಿತ್ತು.

ಗಮನಿಸಿ. ಗೋಡೆಯೂ ಹೂಳೂ ಉಳಿದಿದ್ದವು, ಅದಕ್ಕೇ ವಾದ ಮಾಡುವುದಕ್ಕೆ, ಪರೀಕ್ಷೆ ಮಾಡುವುದಕ್ಕೆ ಸಾಧ್ಯವಾಯಿತು. ಆ ಕೆಸರನ್ನು ಯಾರಾದರೂ ಕಸ ಅಂತ ಎತ್ತಿ ಬಿಸಾಡಿದ್ದರೆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೇ ಮುಚ್ಚಿಹೋಗುತ್ತಿತ್ತು. ನಾಳೆ ಯಾರಿಗೆ ಯಾವ ಪ್ರಶ್ನೆ ಬರುತ್ತದೆ ಎಂದು ಇವತ್ತು ನಮಗೆ ಗೊತ್ತಿಲ್ಲ. ಬ್ರಿಸ್ಟಲ್‌ನ ದಕ್ಷಿಣದ ಲಾಕಿಗೂ ಇದೇ ಮಾತು ಸಲ್ಲುತ್ತದೆ. ಉತ್ತರ, ದಕ್ಷಿಣ ಎರಡೂ ಲಾಕ್ ಪಕ್ಕಪಕ್ಕದಲ್ಲೇ ಇರುವುದರಿಂದ, ಕೆಲವೇ ವರ್ಷಗಳಲ್ಲಿ ಹಡಗು ಎಷ್ಟು ಬೆಳೆಯಿತು, ಎಂಜಿನಿಯರ್ ಹೇಗೆ ಯೋಚನೆ ಬದಲಿಸಿದರು ಅನ್ನುವುದನ್ನು ಅಲ್ಲಿ ನಿಂತು ಟೇಪು ಹಿಡಿದು ಅಳೆಯಬಹುದು.

ನೀವೇ ಮಾಡಿ ನೋಡಿ

1. ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿ. ಯಾವ ತೂತಿನಿಂದ ನೀರು ರಭಸವಾಗಿ ಬರುತ್ತದೆ? ಲಾಕಿನ ಬಾಗಿಲು ಎಲ್ಲಿ ಹೆಚ್ಚು ಗಟ್ಟಿ ಇರಬೇಕು?
2. ನೋಟ್‌ಬುಕ್ಕಿನ ಒಂದು ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಪುಸ್ತಕ ಇಡಿ. ಅದೇ ಅಳತೆಯ ಹಾಳೆಯನ್ನು ಸುರುಳಿ ಸುತ್ತಿ, ಅಂಟಿಸಿ, ನಿಲ್ಲಿಸಿ ಪುಸ್ತಕ ಇಡಿ. ಎಷ್ಟು ಪುಸ್ತಕ ಹೊರುತ್ತದೆ?
3. ಮೂರು ಲೋಟದಲ್ಲಿ ಮೊಳೆ ಇಡಿ. ಒಂದರಲ್ಲಿ ಮೊಳೆ ಪೂರ್ತಿ ಮುಳುಗುವಷ್ಟು ಕುದಿಸಿ ಆರಿಸಿದ ನೀರು, ಮೇಲೆ ಎಣ್ಣೆ. ಒಂದು ಒಣಗಿದ್ದು. ಇನ್ನೊಂದರ ಮೊಳೆಯನ್ನು ದಿನಾ ಉಪ್ಪುನೀರಿನಲ್ಲಿ ಅದ್ದಿ ಹೊರಗೆ ಇಡಿ. ಒಂದು ವಾರ ಬರೆದಿಡಿ.
4. ನಿಮ್ಮ ಊರಿನ ಕೆರೆಯಲ್ಲಿ ಹಳೆಯ ತೂಬು ಇದೆಯಾ? ಕಾಸರಗೋಡಿನ ಮಕ್ಕಳೇ, ನಿಮ್ಮ ಹೊಳೆಯಲ್ಲಿ ಉಪ್ಪುನೀರು ಬರದಂತೆ ಹಲಗೆ ಹಾಕುವ ಕಟ್ಟೆ ಇದೆಯಾ? ದೊಡ್ಡವರ ಜೊತೆ ಹೋಗಿ, ನೀರಿಗೆ ಇಳಿಯದೆ, ದಂಡೆಯಿಂದಲೇ ನೋಡಿ. ಚಿತ್ರ ಬರೆಯಿರಿ, ದಂಡೆಯ ಮೇಲಿನ ಭಾಗದ ಅಳತೆ ತೆಗೆಯಿರಿ. ಹಲಗೆ ಯಾವಾಗ ಹಾಕುತ್ತಾರೆ, ಯಾವಾಗ ತೆಗೆಯುತ್ತಾರೆ, ಯಾರು ತೆಗೆಯುತ್ತಾರೆ ಎಂದು ಊರಿನ ಹಿರಿಯರನ್ನು ಕೇಳಿ, ಅವರು ಹೇಳುವ ಪದಗಳಲ್ಲೇ ಬರೆದುಕೊಳ್ಳಿ.

ನಾಲ್ಕನೆಯದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ತೂಬಿನ ಕಲ್ಲು ಇನ್ನೂ ನೂರು ವರ್ಷ ಇದ್ದರೂ ಇರಬಹುದು. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಹೇಳಬಲ್ಲ ಅಜ್ಜ ಅಷ್ಟು ದಿನ ಇರುವುದಿಲ್ಲ.